ನೋವಿಲ್ಲದ ಸೋಂಕನ್ನು ಹುಡುಕುವುದು ಹೇಗೆ?

ಅಂಗೈ ಅಗಲದ ಬಿಳಿ ಕಾರ್ಡು. ಮೇಲೆ ನುಣುಪಾದ ಪ್ಲಾಸ್ಟಿಕ್ ಲೇಪ. ಅದರ ಮೇಲೆ ಒಂದು ರೂಪಾಯಿ ನಾಣ್ಯಕ್ಕಿಂತ ತುಸು ಚಿಕ್ಕ ವೃತ್ತಗಳು, ಸಾಲಾಗಿ. ಒಂದೊಂದು ವೃತ್ತದಲ್ಲೂ ಒಬ್ಬೊಬ್ಬ ಹೆಣ್ಣುಮಗಳ ರಕ್ತದಿಂದ ಬೇರ್ಪಡಿಸಿದ ಸೀರಮ್ಮಿನ ಒಂದು ತೊಟ್ಟು. ಲ್ಯಾಬ್ ಟೆಕ್ನಿಷಿಯನ್ ಅದಕ್ಕೆ ಇದ್ದಿಲಿನ ನುಣ್ಣನೆಯ ಕಣಗಳು ಬೆರೆತ ದ್ರವದ ಇನ್ನೊಂದು ತೊಟ್ಟು ಸೇರಿಸಿ, ಕಾರ್ಡನ್ನು ತಿರುಗುವ ಯಂತ್ರದ ಮೇಲೆ ಇಡುತ್ತಾರೆ. ನಿಮಿಷಕ್ಕೆ ನೂರು ಸುತ್ತು, ಒಟ್ಟು ಎಂಟು ನಿಮಿಷ. ಬಳಿಕ ಕಾರ್ಡನ್ನು ದೀಪದ ಕೆಳಗೆ ಹಿಡಿದು, ಅತ್ತಿತ್ತ ಓಲಿಸಿ ನೋಡುತ್ತಾರೆ. ತೊಟ್ಟು ಸಮನಾಗಿ ಬೂದುಬಣ್ಣದಲ್ಲೇ ಉಳಿದಿದ್ದರೆ ಚಿಂತೆಯಿಲ್ಲ. ಕಪ್ಪು ಕಣಗಳು ಒಟ್ಟುಗೂಡಿ ರವೆಯಂತೆ ತರಿತರಿಯಾಗಿದ್ದರೆ ಆ ರಕ್ತದ ಒಡತಿಗೆ ಸಿಫಿಲಿಸ್ ಇರುವ ಸಾಧ್ಯತೆ ಇದೆ.

ಈ ಪರೀಕ್ಷೆಯ ಹೆಸರು ಆರ್‌ಪಿಆರ್. ಖರ್ಚು ಕಡಿಮೆ, ಸೂಕ್ಷ್ಮದರ್ಶಕ ಬೇಡ, ಬರಿಗಣ್ಣು ಸಾಕು. ತರಿತರಿಯಾದ ಆ ತೊಟ್ಟು ಯಾರದೋ ಅವರು ಅದೇ ಹೊತ್ತಿಗೆ ಹೊರಗಿನ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿರಬಹುದು. ಅವರಿಗೆ ಜ್ವರವಿಲ್ಲ, ನೋವಿಲ್ಲ, ಹುಣ್ಣು ಕಂಡ ನೆನಪೂ ಇಲ್ಲ. ನಮ್ಮ ಹಿರಿಯರು ‘ಪರಂಗಿ ಹುಣ್ಣು’ ಎಂದು ಕರೆಯುತ್ತಿದ್ದ ಈ ರೋಗದ ಮೊದಲ ಹುಣ್ಣು ನೋಯುವುದಿಲ್ಲ. ಹೆಂಗಸರಲ್ಲಿ ಅದು ಎಷ್ಟೋ ಸಲ ಒಳಗೆ, ಗರ್ಭಕೊರಳಿನ ಮೇಲೆ ಏಳುತ್ತದೆ. ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ, ಆದರೆ ರೋಗಾಣು ಮೈಯಲ್ಲೇ ಉಳಿಯುತ್ತದೆ. ಮುಂದೆ ಆಕೆ ಬಸುರಿಯಾದರೆ ಮಗು ಹೊಟ್ಟೆಯಲ್ಲೇ ಸಾಯಬಹುದು, ಇಲ್ಲವೇ ಸೋಂಕು ಹೊತ್ತೇ ಹುಟ್ಟಬಹುದು.

ರೋಗಿ ನೋವು ಎಂದು ಬಂದಾಗ ಕಾರಣ ಹುಡುಕುವುದು ರೋಗನಿರ್ಣಯ. ಏನೂ ಆಗಿಲ್ಲ ಎನ್ನುವವರಲ್ಲಿ ರೋಗ ಹುಡುಕುವುದು ಸ್ಕ್ರೀನಿಂಗ್. ಹೇಳಿದಷ್ಟು ಸುಲಭವಲ್ಲ ಇದು. ಕ್ಲಮೈಡಿಯಾ ತಗುಲಿದ ಹೆಂಗಸರಲ್ಲಿ ಸರಿಸುಮಾರು ಹತ್ತಕ್ಕೆ ಏಳು ಮಂದಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ. ಗೊನೊರಿಯಾ ಗಂಡಸಿಗೆ ಉರಿಮೂತ್ರ, ಕೀವು ತರಿಸಿ ಆಸ್ಪತ್ರೆಗೆ ಓಡಿಸುತ್ತದೆ. ಹೆಣ್ಣಿನಲ್ಲಿ ಬಹುಪಾಲು ಸುಮ್ಮನೆ ಕೂರುತ್ತದೆ. ಹಾಗೆ ಕೂತೇ ಗರ್ಭನಾಳಗಳವರೆಗೆ ಏರಿ, ವರ್ಷಗಳ ಮೇಲೆ ಬಂಜೆತನಕ್ಕೋ ಕಿಬ್ಬೊಟ್ಟೆಯ ಬಿಡದ ನೋವಿಗೋ ಕಾರಣವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ 15ರಿಂದ 49 ವರ್ಷದವರಲ್ಲಿ ಕ್ಲಮೈಡಿಯಾ, ಗೊನೊರಿಯಾ, ಸಿಫಿಲಿಸ್, ಟ್ರೈಕೊಮೊನಾಸ್ ಎಂಬ, ಲೈಂಗಿಕವಾಗಿ ಹರಡುವ ಈ ನಾಲ್ಕೇ ಸೋಂಕುಗಳು ಹೊಸದಾಗಿ ತಗುಲಿದ್ದು 37.4 ಕೋಟಿ ಸಲ. ನಾಲ್ಕೂ ವಾಸಿಯಾಗುವಂಥವು. ಎಲ್ಲಕ್ಕೂ ಹಳೆಯ, ಅಗ್ಗದ ಔಷಧಿಗಳಿವೆ.

ಸರ್ಕಾರಿ ಕಡತಗಳಲ್ಲಿ ‘ಹೈ ರಿಸ್ಕ್ ಗುಂಪು’ ಎಂಬ ಮಾತಿದೆ. ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರು ಅದರಲ್ಲಿ ಮೊದಲಿಗರು. ಈ ಮಾತನ್ನು ಓದುವಾಗ ಒಂದು ಎಚ್ಚರ ಬೇಕು. ಅಪಾಯ ಆ ಹೆಣ್ಣಿನ ಸ್ವಭಾವದಲ್ಲಿ ಇಲ್ಲ, ಆಕೆಯ ದಿನಚರಿಯಲ್ಲಿದೆ. ಕಾಂಡೋಮ್ ಬೇಡವೆಂದು ಹೆಚ್ಚು ಹಣ ತೋರಿಸುವ ಗಿರಾಕಿ, ಚೀಲದಲ್ಲಿ ಕಾಂಡೋಮ್ ಸಿಕ್ಕಿದ್ದನ್ನೇ ಸಾಕ್ಷ್ಯ ಮಾಡಿಕೊಳ್ಳುವ ಪೊಲೀಸ್, ಕಾಂಡೋಮ್ ಮಾತೆತ್ತಿದರೆ ‘ನನ್ನ ಮೇಲೆ ನಂಬಿಕೆ ಇಲ್ವಾ’ ಎನ್ನುವ ಖಾಯಂ ಸಂಗಾತಿ, ಇವರೆಲ್ಲ ಕೂಡಿ ತರುವ ಅಪಾಯ ಅದು. ಕಾಂಡೋಮನ್ನು ಅಪರಾಧದ ಸಾಕ್ಷ್ಯವಾಗಿ ನೋಡಬಾರದೆಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದ್ದು ತೀರ ಈಚೆಗೆ, 2022ರ ಮೇ ತಿಂಗಳಲ್ಲಿ.

ಈ ಮಹಿಳೆಯರ ತಪಾಸಣೆಗೆ ಹಳೆಯದೊಂದು ಚರಿತ್ರೆಯೂ ಇದೆ. 19ನೇ ಶತಮಾನದಲ್ಲಿ ಬ್ರಿಟಿಷರು ತಮ್ಮ ದಂಡುಪ್ರದೇಶಗಳಲ್ಲಿ ‘ಲಾಕ್ ಆಸ್ಪತ್ರೆ’ಗಳನ್ನು ನಡೆಸುತ್ತಿದ್ದರು, ಬೆಂಗಳೂರು ದಂಡಿನಲ್ಲೂ ಒಂದಿತ್ತು. 1864ರ ಕಂಟೋನ್ಮೆಂಟ್ ಕಾಯ್ದೆ ಮತ್ತು 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ ಹೆಣ್ಣುಗಳ ಹೆಸರು ನೋಂದಾಯಿಸಿ, ಗೊತ್ತುಪಡಿಸಿದ ದಿನ ಪರೀಕ್ಷೆಗೆ ಬರುವಂತೆ ಮಾಡಿ, ರೋಗ ಕಂಡರೆ ವಾಸಿಯಾಗುವವರೆಗೆ ಒಳಗಿಡುತ್ತಿದ್ದರು. ಕಾಪಾಡಬೇಕಿದ್ದದ್ದು ಸಿಪಾಯಿಯ ಆರೋಗ್ಯವನ್ನು, ಆಕೆಯದನ್ನಲ್ಲ. ಹೆಂಗಸರು ನೋಂದಣಿ ತಪ್ಪಿಸಿಕೊಂಡರು, ದಂಡಿನ ಗಡಿ ದಾಟಿದರು. ರೋಗ ಅವರ ಜೊತೆಗೇ ಹೋಯಿತು. ಸಾಂಕ್ರಾಮಿಕ ರೋಗಗಳ ಕಾಯ್ದೆ 1888ರಲ್ಲಿ ರದ್ದಾಯಿತು.

1986ರಲ್ಲಿ ಚೆನ್ನೈನಲ್ಲಿ ದೇಶದ ಮೊದಲ ಎಚ್‌ಐವಿ ಪ್ರಕರಣಗಳು ಪತ್ತೆಯಾದದ್ದೂ ಇಂಥದೇ ಜಾಗದಲ್ಲಿ. ಡಾ. ಸುನೀತಿ ಸಾಲೊಮನ್ ಅವರ ವಿದ್ಯಾರ್ಥಿನಿ ನಿರ್ಮಲಾ, ಸರ್ಕಾರಿ ರಕ್ಷಣಾಗೃಹದಲ್ಲಿ ಇರಿಸಿದ್ದ ಮಹಿಳೆಯರ ರಕ್ತ ಸಂಗ್ರಹಿಸಿ, ತಮ್ಮ ಮನೆಯ ಫ್ರಿಜ್ಜಿನಲ್ಲಿಟ್ಟು, ರೈಲಿನಲ್ಲಿ ವೆಲ್ಲೂರಿಗೆ ಒಯ್ದು ಪರೀಕ್ಷಿಸಿದರು. ಆ ಸಾಹಸವನ್ನು ದೇಶ ನೆನೆಯಬೇಕು. ಯಾವ ಪರೀಕ್ಷೆಗೆಂದು ರಕ್ತ ಕೊಡುತ್ತಿದ್ದೇವೆ ಎಂಬುದು ಆ ಮಹಿಳೆಯರಿಗೆ ತಿಳಿದಿರಲಿಲ್ಲ, ಅದನ್ನೂ ಮರೆಯಬಾರದು. ಇಂದು 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಹೊರಗೆ ಬಿಡುವಂತಿಲ್ಲ.

ಬೇರೆ ದಾರಿಯೊಂದು ತೆರೆದದ್ದು ನೈರೋಬಿಯಲ್ಲಿ. ಅಲ್ಲಿನ ಪುಮ್ವಾನಿ ಬಡಾವಣೆಯಲ್ಲಿ 1985ರ ಹೊತ್ತಿಗೆ ಎಲಿಜಬೆತ್ ಎನ್‌ಗುಗಿ ಎಂಬ ನರ್ಸ್ ವೃತ್ತಿನಿರತ ಮಹಿಳೆಯರನ್ನೇ ಕೂಡಿಸಿ ಸಭೆ ನಡೆಸಿ, ಅವರ ನಡುವೆಯೇ ಕ್ಲಿನಿಕ್ಕನ್ನು ಬೆಳೆಸಿದರು. ಆ ಕೆಲಸದಲ್ಲಿ ಜೊತೆಗಿದ್ದ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯವೇ ಮುಂದೆ ಕರ್ನಾಟಕಕ್ಕೂ ಬಂತು. 2003ರಲ್ಲಿ ಇಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹುಟ್ಟಿತು. ಅದೇ ವರ್ಷ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆಯೂ ಶುರುವಾಯಿತು. ಮೈಸೂರಿನಲ್ಲಿ 2004ರಲ್ಲಿ ಆರಂಭವಾದ ಕೆಲಸವೇ ಬೆಳೆದು, ಮಹಿಳೆಯರು ತಾವೇ ನಡೆಸುವ ‘ಆಶೋದಯ ಸಮಿತಿ’ಯಾಯಿತು. ಮುಂದೆ ಹೇಳುವ ಕ್ರಮ ಈ ಅನುಭವಗಳಿಂದ ಮೂಡಿ, ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ನೆಲೆಗೊಂಡದ್ದು.

ಕೆಲಸ ಶುರುವಾಗುವುದು ಆಸ್ಪತ್ರೆಯಲ್ಲಲ್ಲ, ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಲಾಡ್ಜಿನ ಓಣಿಯಲ್ಲಿ. ಅದೇ ವೃತ್ತಿಯಲ್ಲಿರುವ ಮಹಿಳೆಯೇ ಅಲ್ಲಿ ಕಾರ್ಯಕರ್ತೆ. ಎಲ್ಲರೂ ಅವರನ್ನು ‘ಪೀರ್’ ಎನ್ನುತ್ತಾರೆ. ಒಬ್ಬ ಪೀರ್‌ಗೆ ಸುಮಾರು 60 ಮಂದಿ ಮಹಿಳೆಯರ ಹೊಣೆ. ಓದು ಬಾರದ ಪೀರ್‌ಗಳೂ ಇರುವುದರಿಂದ ಅವರ ದಿನಚರಿ ಹಾಳೆಯಲ್ಲಿ ಅಕ್ಷರಗಳ ಬದಲು ಚಿತ್ರಗಳನ್ನು ಬಳಸಿದರು. ಕಾಂಡೋಮ್ ಎಷ್ಟು ಕೊಟ್ಟೆ, ಕ್ಲಿನಿಕ್ಕಿಗೆ ಯಾರು ಬಂದರು, ಯಾರು ಬಾಕಿ ಎಲ್ಲವೂ ಅದರಲ್ಲೇ.

“ಅಕ್ಕಾ, ಮೂರು ತಿಂಗ್ಳಾಯ್ತು, ಚೆಕಪ್ಪಿಗೆ ಬರ್ಲಿಲ್ವಲ್ಲ?”

“ನಂಗೇನಾಗಿದೆ ಅಂತ ಬರ್ಲಿ?”

ಇಡೀ ಸ್ಕ್ರೀನಿಂಗಿನ ಕಷ್ಟ ಈ ಎರಡು ಮಾತಿನಲ್ಲಿದೆ. ಬರುವುದಕ್ಕೆ ಆಕೆಗೆ ಕಾರಣವಿಲ್ಲ, ಬಾರದಿರುವುದಕ್ಕೆ ಇದೆ. ಅರ್ಧ ದಿನದ ದುಡಿಮೆ ಹೋಗುತ್ತದೆ, ಗುರುತಿನವರು ನೋಡಬಹುದು, ಹಿಂದೆ ಯಾವುದೋ ಆಸ್ಪತ್ರೆಯಲ್ಲಿ ಕೇಳಬಾರದ ಮಾತು ಕೇಳಿದ್ದು ಮನಸ್ಸಿನಲ್ಲಿದೆ. ಪೀರ್ ಇವಕ್ಕೆ ಉತ್ತರ ಕೊಡಬಲ್ಲರು, ಏಕೆಂದರೆ ಅವರೂ ಅದೇ ಬೆಂಚಿನ ಮೇಲೆ ಕೂತು ಬಂದವರು. ಎಷ್ಟೋ ಸಲ ಕೈಹಿಡಿದು ಜೊತೆಗೇ ಕರೆತರುತ್ತಾರೆ.

ಕ್ಲಿನಿಕ್ ಇರುವ ಕಡೆಯಲ್ಲೇ ಕೂತು ಮಾತಾಡಲು, ಸ್ನಾನ ಮಾಡಲು, ಒಂದು ಗಳಿಗೆ ಮಲಗಲು ಜಾಗ ಇಟ್ಟದ್ದು ಬಹಳ ವಿವೇಕದ ಕೆಲಸ. ಬೀದಿಯಲ್ಲಿ ದುಡಿಯುವ ಹೆಣ್ಣಿಗೆ ಹಗಲು ನೆರಳಿಲ್ಲ. ಮೊದಲು ವಿಶ್ರಾಂತಿಗೆ ಬಂದವರು ಆಮೇಲೆ ತಪಾಸಣೆಗೂ ಒಪ್ಪುತ್ತಾರೆ. ಇಂಥ ಕೇಂದ್ರವಿಲ್ಲದ ಊರುಗಳಲ್ಲಿ ಮಹಿಳೆಯರೇ ನಂಬಿಕೆಯಿಟ್ಟು ಸೂಚಿಸಿದ ಖಾಸಗಿ ವೈದ್ಯರಿಗೆ ತರಬೇತಿ ಕೊಟ್ಟು, ಅವರಲ್ಲಿಗೆ ಕಳಿಸುವ ವ್ಯವಸ್ಥೆ ಮಾಡಿದರು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದೇ ಕೆಲಸಕ್ಕೆ ‘ಸುರಕ್ಷಾ ಕ್ಲಿನಿಕ್’ಗಳಿವೆ.

ಒಳಗೆ ನಡೆಯುವುದು ಹೀಗೆ. ವೈದ್ಯರು ಅಥವಾ ನರ್ಸ್ ಮೊದಲು ಮಾತಾಡುತ್ತಾರೆ. ಬಿಳುಪು ಹೋಗುತ್ತಿದೆಯೇ, ವಾಸನೆ ಇದೆಯೇ, ತುರಿಕೆ, ಕಿಬ್ಬೊಟ್ಟೆ ನೋವು, ಮುಟ್ಟು ತಪ್ಪಿದೆಯೇ? ಆಮೇಲೆ ಮಂಚದ ಮೇಲಿನ ಪರೀಕ್ಷೆ. ಸ್ಪೆಕ್ಯುಲಮ್ ಎಂಬುದು ಬಾತುಕೋಳಿಯ ಕೊಕ್ಕಿನ ಆಕಾರದ ಉಕ್ಕಿನ ಉಪಕರಣ. ಹಬೆಯ ಒತ್ತಡದಲ್ಲಿ ಶುದ್ಧ ಮಾಡಿದ್ದು, ಒಬ್ಬರಿಗೆ ಬಳಸಿದ್ದು ಮತ್ತೆ ಶುದ್ಧವಾಗದೆ ಇನ್ನೊಬ್ಬರಿಗಿಲ್ಲ. ಬಲ್ಲ ನರ್ಸ್ ಅದನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿ, ಮೊದಲು ಆಕೆಯ ಕೈಗೇ ಕೊಟ್ಟು ತೋರಿಸುತ್ತಾರೆ. ತಣ್ಣನೆಯ ಉಕ್ಕು ಹೇಳದೆ ಕೇಳದೆ ಒಳಹೊಕ್ಕರೆ ಮೈ ಬಿಗಿಯುತ್ತದೆ, ನೋಯುತ್ತದೆ, ಮತ್ತೆ ಆ ಹೆಣ್ಣು ಮೂರು ತಿಂಗಳಿಗಲ್ಲ, ಮೂರು ವರ್ಷಕ್ಕೂ ಬರುವುದಿಲ್ಲ. ಎರಡು ನಿಮಿಷದ ಈ ಸೌಜನ್ಯವನ್ನು ಯಾವ ಯಂತ್ರವೂ ತುಂಬಿಕೊಡಲಾರದು.

ಉಪಕರಣ ತೆರೆದಾಗ ಟಾರ್ಚಿನ ಬೆಳಕಿಗೆ ಗರ್ಭಕೊರಳು ಕಾಣುತ್ತದೆ. ಅದರ ಬಾಯಲ್ಲಿ ಹಳದಿ ಕೀವು ನಿಂತಿದೆಯೇ, ಹತ್ತಿ ಸುತ್ತಿದ ಕಡ್ಡಿ ತಾಗಿದರೆ ರಕ್ತ ಜಿನುಗುತ್ತದೆಯೇ ಎಂದು ನೋಡುತ್ತಾರೆ. ಕಂಡದ್ದಕ್ಕೆ ತಕ್ಕ ಔಷಧಿ ಅಲ್ಲೇ ಸಿಗುತ್ತದೆ. ಪ್ರಯೋಗಾಲಯದ ವರದಿಗೆ ಕಾಯದೆ, ಲಕ್ಷಣಗಳ ಗುಂಪನ್ನು ನೋಡಿ ಅದಕ್ಕೆ ಸಾಮಾನ್ಯವಾಗಿ ಕಾರಣವಾಗುವ ಎಲ್ಲ ರೋಗಾಣುಗಳಿಗೂ ಒಟ್ಟಿಗೆ ಮದ್ದು ಕೊಡುವ ಪದ್ಧತಿ ಇದು. ನಮ್ಮ ದೇಶದಲ್ಲಿ ಇದಕ್ಕೆಂದು ಬಣ್ಣ ಬಣ್ಣದ ಕಿಟ್‌ಗಳು ಬಳಕೆಗೆ ಬಂದವು. ಗರ್ಭಕೊರಳಿನ ಸ್ರಾವಕ್ಕೆ ಬೂದು ಕಿಟ್, ಯೋನಿಯ ಸ್ರಾವಕ್ಕೆ ಹಸಿರು, ಹುಣ್ಣಿಗೆ ಬಿಳಿ, ಕಿಬ್ಬೊಟ್ಟೆ ನೋವಿಗೆ ಹಳದಿ. ಮಾತ್ರೆಯ ಹೆಸರು ಓದಲಾಗದವರಿಗೂ ಬಣ್ಣ ಗೊತ್ತಾಗುತ್ತದೆ, ಉಗ್ರಾಣದಲ್ಲಿ ಯಾವುದು ಮುಗಿಯಿತೆಂಬುದೂ ದೂರದಿಂದಲೇ ಕಾಣುತ್ತದೆ.

ಲಕ್ಷಣವಿದ್ದರೆ ಇಷ್ಟು ಸರಿ. ಲಕ್ಷಣವೇ ಇಲ್ಲದಿದ್ದರೆ? ಇಲ್ಲಿ ಕಾರ್ಯಕ್ರಮ ಒಂದು ದಿಟ್ಟ ಹೆಜ್ಜೆ ಇಟ್ಟಿತು. ಮೊದಲ ಸಲ ಬಂದ ಮಹಿಳೆಗೆ, ಅಥವಾ ಆರು ತಿಂಗಳು ಬಾರದೆ ಮರಳಿ ಬಂದವರಿಗೆ, ಏನೂ ಕಾಣದಿದ್ದರೂ ಬೂದು ಕಿಟ್ ಕೊಡುವುದು. ಒಂದು ಗ್ರಾಂ ಅಜಿತ್ರೊಮೈಸಿನ್, 400 ಮಿಲಿಗ್ರಾಂ ಸೆಫಿಕ್ಸಿಮ್, ಎರಡನ್ನೂ ಎದುರಿಗೇ ನುಂಗಿಸುವುದು. ಸೋಂಕು ಹೇರಳವಾಗಿರುವ ಕಡೆ, ಪರೀಕ್ಷೆಗೆ ದಾರಿಯಿಲ್ಲದಿದ್ದಾಗ, ಇದು ಸಲ್ಲುವ ಉಪಾಯ. ಆದರೆ ಇದನ್ನೇ ವರ್ಷಗಟ್ಟಲೆ ಮುಂದುವರಿಸಿದರೆ ಬೆಲೆ ತೆರಬೇಕಾಗುತ್ತದೆ. ಗೊನೊರಿಯಾದ ರೋಗಾಣು ಹಿಂದೆ ಪೆನಿಸಿಲಿನ್ನನ್ನು ಮೀರಿತು, ಬಳಿಕ ಸಿಪ್ರೊಫ್ಲಾಕ್ಸಾಸಿನ್ನನ್ನೂ ಮೀರಿತು. ಬೇಡದ ಮೈಗೆ ಹೋಗುವ ಪ್ರತಿ ಮಾತ್ರೆಯೂ ಅದಕ್ಕೆ ಪಾಠ ಕಲಿಸುತ್ತದೆ. ಹೀಗಾಗಿ ಸೋಂಕಿನ ಪ್ರಮಾಣ ಇಳಿಯುತ್ತಿದ್ದಂತೆ ಊಹೆಯ ಮದ್ದು ನಿಲ್ಲಿಸಿ ಪರೀಕ್ಷೆಯ ಕಡೆ ಹೊರಳಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದರ ಹಿಂದಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಬಹುದು. ಒಂದು ಪರೀಕ್ಷೆ ಇದೆ ಎನ್ನಿ. ಸೋಂಕಿರುವ ನೂರರಲ್ಲಿ 80 ಮಂದಿಯನ್ನು ಹಿಡಿಯುತ್ತದೆ. ಸೋಂಕಿಲ್ಲದ ನೂರರಲ್ಲಿ 10 ಮಂದಿಗೆ ಸುಮ್ಮಸುಮ್ಮನೆ ‘ಇದೆ’ ಎನ್ನುತ್ತದೆ. ಸಾವಿರ ಹೆಂಗಸರಲ್ಲಿ ನಿಜವಾಗಿ 300 ಮಂದಿಗೆ ಸೋಂಕಿದ್ದರೆ, ಪರೀಕ್ಷೆ 240 ಮಂದಿಯನ್ನು ಸರಿಯಾಗಿ, 70 ಮಂದಿಯನ್ನು ತಪ್ಪಾಗಿ ತೋರಿಸುತ್ತದೆ. ಪರವಾಗಿಲ್ಲ. ಅದೇ ಸಾವಿರದಲ್ಲಿ 20 ಮಂದಿಗೆ ಮಾತ್ರ ಸೋಂಕಿದ್ದರೆ, ಸರಿಯಾಗಿ ಸಿಕ್ಕವರು 16, ತಪ್ಪಾಗಿ ಹಣೆಪಟ್ಟಿ ಹಚ್ಚಿಸಿಕೊಂಡವರು 98. ಪರೀಕ್ಷೆ ಅದೇ, ಊರು ಬೇರೆ. ಆ 98 ಮಂದಿಯಲ್ಲಿ ಒಬ್ಬಾಕೆ ಮನೆಗೆ ಹೋಗಿ ಸಂಗಾತಿಗೆ ‘ನೀನೂ ಮಾತ್ರೆ ತಗೊ’ ಎಂದಾಗ ಬೀಳುವ ಏಟು ಈ ಲೆಕ್ಕದಲ್ಲಿ ಕಾಣುವುದಿಲ್ಲ.

ಸಿಫಿಲಿಸ್ ವಿಷಯದಲ್ಲಿ ನಮ್ಮ ಕೈಯಲ್ಲಿ ಗಟ್ಟಿ ಸಾಧನಗಳಿವೆ. ಈಗ ಬೆರಳು ಚುಚ್ಚಿ ತೆಗೆದ ಒಂದು ಹನಿ ರಕ್ತದಲ್ಲಿ ಎಚ್‌ಐವಿ ಮತ್ತು ಸಿಫಿಲಿಸ್ ಎರಡನ್ನೂ ಒಂದೇ ಪಟ್ಟಿಯಲ್ಲಿ ತೋರಿಸುವ ತ್ವರಿತ ಪರೀಕ್ಷೆಗಳು ಬಂದಿವೆ. ಇಪ್ಪತ್ತು ನಿಮಿಷ ಸಾಕು, ಕರೆಂಟು ಬೇಡ. ಒಂದು ಮಿತಿಯಿದೆ. ಒಮ್ಮೆ ಸಿಫಿಲಿಸ್ ಬಂದು ವಾಸಿಯಾದವರಲ್ಲೂ ಈ ಪಟ್ಟಿ ಸಾಮಾನ್ಯವಾಗಿ ಜೀವಮಾನವಿಡೀ ಗೆರೆ ತೋರಿಸುತ್ತದೆ. ಹಾಗಾಗಿ ಹಳೆಯ ಆರ್‌ಪಿಆರ್ ಕಾರ್ಡನ್ನು ಬಿಡುವಂತಿಲ್ಲ. ಸೀರಮ್ಮನ್ನು ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು ತೆಳುಮಾಡುತ್ತಾ ಎಲ್ಲಿಯವರೆಗೆ ತರಿ ಕಾಣುತ್ತದೆಂದು ಅದರಲ್ಲಿ ಎಣಿಸಬಹುದು. ಚಿಕಿತ್ಸೆಗೆ ಮೊದಲು 32 ಪಟ್ಟಿನವರೆಗೆ ಕಂಡದ್ದು ತಿಂಗಳುಗಳ ಮೇಲೆ 8ಕ್ಕೆ ಇಳಿದಿದ್ದರೆ ಔಷಧಿ ಕೆಲಸ ಮಾಡಿದೆ ಎಂದರ್ಥ. ಇಳಿದದ್ದು ಮತ್ತೆ ಏರಿದರೆ ಹೊಸದಾಗಿ ತಗುಲಿರಬಹುದು. ಲೈಂಗಿಕ ವೃತ್ತಿಯಲ್ಲಿರುವವರಿಗೆ ವರ್ಷಕ್ಕೆ ಎರಡು ಸಲ ಈ ಪರೀಕ್ಷೆ, ಮೂರು ತಿಂಗಳಿಗೊಮ್ಮೆ ಒಳಪರೀಕ್ಷೆ ಎಂಬುದು ಕಾರ್ಯಕ್ರಮದ ಕ್ರಮ.

ಚಿಕಿತ್ಸೆ ಬೆಂಜತೀನ್ ಪೆನಿಸಿಲಿನ್, 24 ಲಕ್ಷ ಯೂನಿಟ್. ಹಾಲಿನಂತೆ ಬೆಳ್ಳಗಿರುವ ಮಂದ ದ್ರವ. ಸಣ್ಣ ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ, ದಪ್ಪ ಸೂಜಿಯೇ ಬೇಕು. ಅರ್ಧರ್ಧ ಮಾಡಿ ಎರಡೂ ಪೃಷ್ಠಗಳಿಗೆ ಚುಚ್ಚುತ್ತಾರೆ. ನೋಯುತ್ತದೆ, ಅದನ್ನು ಮುಚ್ಚಿಡಬಾರದು. ಸೋಂಕು ಹೊಸದಾಗಿದ್ದರೆ ಒಂದೇ ಸಲ ಸಾಕು. ಹಳೆಯದು, ಅಥವಾ ಯಾವಾಗ ತಗುಲಿತೋ ಗೊತ್ತಿಲ್ಲ ಎಂದಾದರೆ ವಾರಕ್ಕೊಂದರಂತೆ ಮೂರು. ಪೆನಿಸಿಲಿನ್ ಎಂದರೆ ಅಲರ್ಜಿಯಾಗಿ ಪ್ರಾಣಕ್ಕೆ ಬಂದೀತು ಎಂದು ಸೂಜಿ ಹಾಕಲು ಹಿಂಜರಿಯುವ ವೈದ್ಯರು ಇದ್ದಾರೆ. ಅಂಥ ತೀವ್ರ ಅಲರ್ಜಿ ಅಪರೂಪ. ಅಡ್ರಿನಲಿನ್ ಕೈಗೆಟುಕುವಂತೆ ಇಟ್ಟುಕೊಂಡು, ಚುಚ್ಚಿದ ಮೇಲೆ ಅರ್ಧ ಗಂಟೆ ಕೂರಿಸಿಕೊಂಡರೆ ಸಣ್ಣ ಕೇಂದ್ರದಲ್ಲೂ ಇದನ್ನು ಮಾಡಬಹುದು. ಪರೀಕ್ಷೆಯಲ್ಲಿ ಸಿಕ್ಕವರನ್ನು ಸೂಜಿಗೆಂದು ಬೇರೆ ಆಸ್ಪತ್ರೆಗೆ ಕಳಿಸಿದರೆ ಅವರಲ್ಲಿ ಕೆಲವರು ದಾರಿಯಲ್ಲೇ ಕೈತಪ್ಪುತ್ತಾರೆ.

ಕ್ಲಮೈಡಿಯಾ, ಗೊನೊರಿಯಾಕ್ಕೆ ಇಷ್ಟು ಸುಲಭದ ಪರೀಕ್ಷೆ ಇಲ್ಲ. ಇರುವುದರಲ್ಲಿ ನಿಖರವಾದದ್ದು ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ. ಕ್ಷಯ ಪತ್ತೆಗೆ ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಸಿಬಿನ್ಯಾಟ್ ಯಂತ್ರ ಇರುವುದು ಅನೇಕರಿಗೆ ಗೊತ್ತು. ಅದೇ ಬಗೆಯ ಯಂತ್ರಕ್ಕೆ ಬೇರೆ ಕಾರ್ಟ್ರಿಜ್ ಹಾಕಿದರೆ ಒಂದೂವರೆ ಗಂಟೆಯಲ್ಲಿ ಈ ಎರಡು ಸೋಂಕುಗಳ ಉತ್ತರವೂ ಬರುತ್ತದೆ. ಹತ್ತಿಕಡ್ಡಿಯ ಮಾದರಿಯನ್ನು ಆ ಮಹಿಳೆ ತಾನೇ ಮರೆಯಲ್ಲಿ ತೆಗೆದುಕೊಡಬಹುದು. ವೈದ್ಯರು ತೆಗೆದದ್ದಕ್ಕೆ ಅದು ಕಡಿಮೆಯೇನಲ್ಲ. ಮಂಚ ಹತ್ತಲು ಮನಸ್ಸಿಲ್ಲದವರಿಗೆ ಇದೊಂದು ದೊಡ್ಡ ಬಿಡುಗಡೆ. ಅಡ್ಡಿಯಾಗಿರುವುದು ಕಾರ್ಟ್ರಿಜ್ಜಿನ ಬೆಲೆ. ಆಫ್ರಿಕ, ಏಷ್ಯಾದ ಬಡ ದೇಶಗಳಿಗೆ ಅದು ಇನ್ನೂ ಕೈಗೆಟುಕುವಂತಿಲ್ಲ.

ಮಂಚ ಹತ್ತಿದ ದಿನ ಮಾಡಬಹುದಾದ ಇನ್ನೊಂದು ಕೆಲಸವಿದೆ. ಗರ್ಭಕೊರಳಿಗೆ ತೆಳು ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಬಿಟ್ಟು ನೋಡಿದರೆ, ಕ್ಯಾನ್ಸರಿನತ್ತ ಹೊರಳುತ್ತಿರುವ ಭಾಗ ಬೆಳ್ಳಗಾಗಿ ಕಾಣುತ್ತದೆ. ಈ ಕ್ಯಾನ್ಸರಿಗೆ ಮೂಲ ಎಚ್‌ಪಿವಿ ಎಂಬ, ಲೈಂಗಿಕವಾಗಿಯೇ ಹರಡುವ ವೈರಸ್. ಎಚ್‌ಐವಿ ಇರುವ ಹೆಣ್ಣಿಗೆ ಅಪಾಯ ಹಲವು ಪಟ್ಟು ಹೆಚ್ಚು. ಮೂರು ತಿಂಗಳಿಗೊಮ್ಮೆ ಅದೇ ಮಂಚಕ್ಕೆ ಬರುವವರಿಗೆ ಈ ಒಂದು ನಿಮಿಷ ಸಿಗದೆ ಹೋಗುವುದು ಅನ್ಯಾಯ.

ಇಷ್ಟರಿಂದ ಆದದ್ದೇನು? ಮೈಸೂರಿನಲ್ಲಿ 2004 ಮತ್ತು 2006ರಲ್ಲಿ ನಡೆದ ಎರಡು ಸಮೀಕ್ಷೆಗಳ ನಡುವೆ ವೃತ್ತಿನಿರತ ಮಹಿಳೆಯರಲ್ಲಿ ಸಿಫಿಲಿಸ್ ಶೇ 25ರಿಂದ 12ಕ್ಕೆ, ಟ್ರೈಕೊಮೊನಾಸ್ 33ರಿಂದ 14ಕ್ಕೆ, ಕ್ಲಮೈಡಿಯಾ 11ರಿಂದ 5ಕ್ಕೆ, ಗೊನೊರಿಯಾ 5ರಿಂದ 2ಕ್ಕೆ ಇಳಿಯಿತು. ಎಚ್‌ಐವಿ ಮಾತ್ರ 26ರಿಂದ 24, ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಒಮ್ಮೆ ಬಂದರೆ ಹೋಗದ ಸೋಂಕಿನ ಪ್ರಮಾಣ ಎರಡು ವರ್ಷದಲ್ಲಿ ಇಳಿಯುವುದಿಲ್ಲ. ಈ ಇಳಿಕೆಯನ್ನೆಲ್ಲ ಕ್ಲಿನಿಕ್ಕಿನ ಲೆಕ್ಕಕ್ಕೇ ಬರೆಯುವುದೂ ಸರಿಯಲ್ಲ. ಅದೇ ಅವಧಿಯಲ್ಲಿ ಕಾಂಡೋಮ್ ಬಳಕೆ ಏರಿತ್ತು, ಪೊಲೀಸರ ಕಾಟ, ರೌಡಿಗಳ ಕಾಟವನ್ನು ಒಟ್ಟಾಗಿ ನಿಂತು ಎದುರಿಸುವ ಸಂಘಟನೆ ಬೆಳೆದಿತ್ತು. ಇವು ಒಂದನ್ನೊಂದು ಎತ್ತಿಹಿಡಿದವು.

ಈ ತಪಾಸಣೆ ವೃತ್ತಿನಿರತರಿಗೆ ಮಾತ್ರ ಬೇಕಾದದ್ದಲ್ಲ. ಗಂಡ ತಿಂಗಳುಗಟ್ಟಲೆ ಲಾರಿಯಲ್ಲೋ ಗುಳೆಯಲ್ಲೋ ಇರುವ ಮನೆಯ ಹೆಣ್ಣಿಗೂ ಲಕ್ಷಣವಿಲ್ಲದ ಸೋಂಕು ಇರಬಹುದು, ಆಕೆಯನ್ನು ಕೇಳುವ ಪೀರ್ ಇಲ್ಲ. ಆಕೆಗೆ ಈ ಪರೀಕ್ಷೆ ಆಗುವುದು ಹೆಚ್ಚಾಗಿ ಬಸುರಿಯಾದಾಗ. ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ತಾಯಿ ಕಾರ್ಡ್ ತೆರೆದು ಸಿಫಿಲಿಸ್ ಪರೀಕ್ಷೆಯ ಸಾಲು ತುಂಬಿದೆಯೇ ನೋಡಿ. ಖಾಲಿ ಇದ್ದರೆ ಮುಂದಿನ ಭೇಟಿಯಲ್ಲಿ ಕೇಳಿ ಮಾಡಿಸಿ. ಬಿಳುಪು ಹೋಗುವುದು, ಹುಣ್ಣು, ಕಿಬ್ಬೊಟ್ಟೆ ನೋವು ಇದ್ದರೆ ಔಷಧಿ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗಬೇಡಿ. ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ಕಿನಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದಿದ್ದರೆ 1097ಕ್ಕೆ ಕರೆ ಮಾಡಿ ಕೇಳಬಹುದು. ಆ ಕರೆಗೆ ದುಡ್ಡಿಲ್ಲ.